ಉಬ್ಬಿದ ಫುಲ್ಕ ಬರೆದು ಸಿಕ್ಕಿಬಿದ್ದೆ: ಯಹೂದಿ ಮಕ್ಕಳ ಕಪ್ಪೆ ಪುಸ್ತಕಕ್ಕೆ ಸಹಾಯ ಬೇಕು

ಕುಂಚ_ಜಯನಗರ · ಸೋಮವಾರ ರಾತ್ರಿ 10:40

ಎಲ್ಲರಿಗೂ ನಮಸ್ಕಾರ. ನಾನು ಬೆಂಗಳೂರಿನಲ್ಲಿ ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯುತ್ತೇನೆ. ಕೆಲವು ತಿಂಗಳ ಹಿಂದೆ ಅಮೆರಿಕದ ಒಂದು ಸಣ್ಣ ಪ್ರಕಾಶನದಿಂದ ಕೆಲಸ ಬಂತು. ಮೂರರಿಂದ ಆರು ವರ್ಷದ ಯಹೂದಿ ಮಕ್ಕಳಿಗೆ ಪ್ರಾಸದ ಪುಸ್ತಕ, 32 ಪುಟ. ಪೆಸಾಹ್ ಹಬ್ಬದ ರಾತ್ರಿ ಒಂದು ಮನೆಗೆ ಕಪ್ಪೆ ನುಗ್ಗಿ ಎಲ್ಲವನ್ನೂ ಚೆಲ್ಲಾಪಿಲ್ಲಿ ಮಾಡುತ್ತದೆ. ಅಷ್ಟೇ ಕಥೆ. ನೀತಿ ಇಲ್ಲ. ಕೊನೆಗೆ ಕಪ್ಪೆ ಸಾರಿ ಕೂಡ ಕೇಳುವುದಿಲ್ಲ.

ಗೊತ್ತಿಲ್ಲದವರಿಗೆ ಎರಡು ಮಾತು. ಈಜಿಪ್ಟಿನಲ್ಲಿ ಗುಲಾಮರಾಗಿದ್ದ ಪೂರ್ವಜರು ಬಿಡುಗಡೆಯಾಗಿ ಹೊರಟ ನೆನಪಿನ ಹಬ್ಬ ಪೆಸಾಹ್. ಮೊದಲ ರಾತ್ರಿ ಮನೆಮಂದಿ ಎಲ್ಲ ಕೂತು ಆ ಕಥೆ ಓದಿ ಊಟ ಮಾಡುತ್ತಾರೆ, ಅದಕ್ಕೆ ಸೇಡರ್ ಅನ್ನುತ್ತಾರೆ. ಫೇರೋ ರಾಜ ಬಿಡಲ್ಲ ಅಂದಾಗ ಬಂದ ಹತ್ತು ಪಿಡುಗುಗಳಲ್ಲಿ ಎರಡನೆಯದು ಕಪ್ಪೆ.

ಈಗ ನನ್ನ ಎಡವಟ್ಟು. ಸೇಡರ್ ಮೇಜಿನ ಮೇಲೆ ಮಾಟ್ಸಾ ಇರಬೇಕು. "ಹುಳಿ ಬರಿಸದ ತೆಳು ರೊಟ್ಟಿ" ಅಂತ ಓದಿಕೊಂಡೆ. ತಲೆ ಓದಿದ್ದು ಅದು, ಕೈ ಬರೆದದ್ದು ನಮ್ಮ ಮನೆಯ ಫುಲ್ಕ. ಚೆನ್ನಾಗಿ ಉಬ್ಬಿ ಹಬೆಯಾಡುತ್ತಿರುವ ಫುಲ್ಕ. ಪಕ್ಕದಲ್ಲಿ ಇನ್ನೊಂದು, ತುಪ್ಪ ಸವರಿ ನಾಲ್ಕಾಗಿ ಮಡಚಿದ್ದು. ಅಂದವಾಗಿರಲಿ ಅಂತ ತುಪ್ಪದ ಬಟ್ಟಲನ್ನೂ ಇಟ್ಟೆ. ಸ್ಕೆಚ್ ವಾಪಸ್ ಬಂದಾಗ ಆ ಒಂದು ಪುಟದಲ್ಲೇ ಐದು ಕೆಂಪು ಸುತ್ತು. ಸಂಪಾದಕಿ ಒಂದೇ ಸಾಲು ಬರೆದಿದ್ದರು: "ಕಪ್ಪೆ ಬಹಳ ಚೆನ್ನಾಗಿದೆ. ಉಳಿದದ್ದರ ಬಗ್ಗೆ ಫೋನಿನಲ್ಲಿ ಮಾತಾಡೋಣ."

ಫೋನ್ ನಾಡಿದ್ದು. ಅಷ್ಟರೊಳಗೆ ಸ್ವಲ್ಪ ತಿಳಿದುಕೊಂಡು ಮಾನ ಉಳಿಸಿಕೊಳ್ಳಬೇಕು. ಈ ಹಬ್ಬವನ್ನು ಹತ್ತಿರದಿಂದ ನೋಡಿದವರು ಇಲ್ಲಿ ಯಾರಾದರೂ ಇದ್ದೀರಾ?

ಇನ್ನೊಂದು ವಿಷಯ. ನಾಲ್ಕು ವರ್ಷದ ಮಗಳು ಚಿತ್ರ ನೋಡಿ "ಇದನ್ನ ಕನ್ನಡದಲ್ಲಿ ಹೇಳು" ಅಂತ ಹಠ ಹಿಡಿದಿದ್ದಾಳೆ. ನನ್ನ ಕೈಯಲ್ಲಿ ಪ್ರಾಸ ಕೂರುತ್ತಿಲ್ಲ. ಕರಾರು ಇರುವುದರಿಂದ ಮೂಲ ಪದ್ಯ ಇಲ್ಲಿ ಹಾಕುವಂತಿಲ್ಲ, ಕ್ಷಮಿಸಿ.

ನ್ಯೂಜೆರ್ಸಿ_ಅಮ್ಮ · ಸೋಮವಾರ ರಾತ್ರಿ 11:25

ತುಪ್ಪದ ಬಟ್ಟಲಿಗೆ ನಕ್ಕು ನಕ್ಕು ಸಾಕಾಯಿತು.

ನನ್ನ ಮಗ ಎರಡು ವರ್ಷ ಇಲ್ಲಿನ ಒಂದು ಯಹೂದಿ ಸಮುದಾಯ ಭವನದ ಶಿಶುವಿಹಾರಕ್ಕೆ ಹೋದ. ಮನೆಗೆ ಹತ್ತಿರ ಅಂತ ಸೇರಿಸಿದ್ದು, ತರಗತಿಯಲ್ಲಿ ಬೇರೆ ಧರ್ಮದ ಮಕ್ಕಳೂ ಬೇಕಾದಷ್ಟಿದ್ದರು. ಶುಕ್ರವಾರ ಬಂದರೆ ಜಡೆ ಹೆಣೆದ ಹಾಲಾ ಬ್ರೆಡ್. ಪೆಸಾಹ್ ಹಿಂದಿನ ವಾರ ಮಕ್ಕಳಿಗೆಲ್ಲ ಒಂದು ಹಕ್ಕಿ ಗರಿ, ಒಂದು ಮರದ ಚಮಚ, ಒಂದು ಟಾರ್ಚ್ ಕೊಟ್ಟು ಬ್ರೆಡ್ ಚೂರು ಹುಡುಕಿಸಿದರು. ಹಬ್ಬಕ್ಕೆ ಮುಂಚೆ ಮನೆಯಲ್ಲಿ ಹುಳಿ ಬಂದ ಹಿಟ್ಟಿನ ಪದಾರ್ಥ ಒಂದು ಚೂರೂ ಇರಬಾರದು. ಅದಕ್ಕೆ ಹಾಮೆಟ್ಸ್ ಅನ್ನುತ್ತಾರೆ. ಮನೆಗಳಲ್ಲಿ ಬೇಕೆಂದೇ ಹತ್ತು ಚೂರು ಬಚ್ಚಿಟ್ಟು, ದೀಪ ಆರಿಸಿ, ಮೇಣದಬತ್ತಿ ಹಿಡಿದು ಹುಡುಕುತ್ತಾರೆ. ಗರಿಯಿಂದ ಗುಡಿಸಿ ಚಮಚಕ್ಕೆ ಹಾಕಿಕೊಂಡು ಮರುದಿನ ಬೆಳಿಗ್ಗೆ ಸುಡುತ್ತಾರೆ.

ನನ್ನ ಮಗ ಇದನ್ನು ಕಲಿತು ಮನೆಗೆ ಬಂದ. ಅಡುಗೆಮನೆಯಲ್ಲಿ ಇಡ್ಲಿ ಹಿಟ್ಟು ಉಬ್ಬಿ ಮುಚ್ಚಳ ಎತ್ತಿಕೊಂಡು ಪಾತ್ರೆಯ ಅಂಚಿನಿಂದ ಇಳಿಯುತ್ತಿತ್ತು. "ಹಾಮೆಟ್ಸ್! ಹಾಮೆಟ್ಸ್!" ಅಂತ ಕಿರುಚಿದ. ಊರಿಂದ ಬಂದಿದ್ದ ಅತ್ತೆ ಹಲ್ಲಿ ಬಿದ್ದಿದೆ ಅಂದುಕೊಂಡು ಇಡೀ ಹಿಟ್ಟು ಚೆಲ್ಲಲು ಎದ್ದರು.

ಪುಸ್ತಕದ ವಿಷಯಕ್ಕೆ ಬಂದರೆ, ಇಲ್ಲಿ ಪಿಜೆ ಲೈಬ್ರರಿ ಅಂತ ಒಂದಿದೆ. ಪಿಜೆ ಅಂದರೆ ಪೈಜಾಮ, ಮಲಗುವ ಹೊತ್ತಿನ ಪುಸ್ತಕ ಅಂತ. ಮ್ಯಾಸಚೂಸೆಟ್ಸ್‌ನ ಹೆರಾಲ್ಡ್ ಗ್ರಿನ್‌ಸ್ಪೂನ್ ಅವರ ಪ್ರತಿಷ್ಠಾನ 2005ರಲ್ಲಿ ಶುರು ಮಾಡಿದ್ದು. ಗಾಯಕಿ ಡಾಲಿ ಪಾರ್ಟನ್ ಮಕ್ಕಳಿಗೆ ಪುಸ್ತಕ ಕಳಿಸುವ ಯೋಜನೆ ನೋಡಿ ಹೊಳೆದದ್ದಂತೆ. ಯಹೂದಿ ಮನೆಗಳ ಮಕ್ಕಳಿಗೆ ತಿಂಗಳಿಗೊಂದು ಪುಸ್ತಕ ಪೋಸ್ಟಿನಲ್ಲಿ ಪುಕ್ಕಟೆ ಬರುತ್ತದೆ. ಪಕ್ಕದ ಮನೆಯವರು ತಮ್ಮ ಮಗಳು ಓದಿ ಬಿಟ್ಟವನ್ನೆಲ್ಲ ನಮಗೆ ಕೊಟ್ಟರು, ಒಂದು ಡಬ್ಬ ತುಂಬ. ಅದರಲ್ಲಿ ಪೆಸಾಹ್ ಪುಸ್ತಕ ತೆಗೆದರೆ ಒಂದು ಗ್ಯಾರಂಟಿ: ಎಲ್ಲೋ ಒಂದು ಕಡೆ "ಮಾಟ್ಸಾ"ಗೆ "ಲಾಟ್ಸಾ" (ಇಂಗ್ಲಿಷಿನಲ್ಲಿ ಬೇಕಾದಷ್ಟು ಅಂತ) ಪ್ರಾಸ ಬಂದೇ ಬರುತ್ತದೆ. ನಿಮ್ಮದರಲ್ಲೂ ಇದೆಯಾ? ಕರಾರು ಮುರಿಯದೆ ಹೌದು, ಇಲ್ಲ ಅಷ್ಟೇ ಹೇಳಿ.

ಕುಂಚ_ಜಯನಗರ

ಕಣ್ಣು ಮಿಟುಕಿಸಿದೆ ಅಂತ ತಿಳಿದುಕೊಳ್ಳಿ.

ಶನಿವಾರ_ತೇಲಿ · ಮಂಗಳವಾರ ಬೆಳಿಗ್ಗೆ 7:15

ಈ ವೇದಿಕೆಯಲ್ಲಿ ವರ್ಷಗಟ್ಟಲೆ ಕ್ರಿಕೆಟ್ ಬಗ್ಗೆ ಮಾತ್ರ ಜಗಳ ಆಡಿದ್ದೇನೆ. ಇವತ್ತು ಬೇರೆ ಕೆಲಸ ಸಿಕ್ಕಿತು. ನಾನು ಬೆನೆ ಇಸ್ರೇಲ್, ಅಂದರೆ ಕೊಂಕಣದ ಯಹೂದಿ. ಅಜ್ಜ ರೈಲ್ವೆಯಲ್ಲಿದ್ದರು, ನಾನು ಬೆಳೆದದ್ದು ಹುಬ್ಬಳ್ಳಿಯಲ್ಲಿ. ನಮ್ಮವರು ಕೊಂಕಣದ ಹಳ್ಳಿಗಳಲ್ಲಿ ಎಣ್ಣೆ ಗಾಣದವರು. ಶನಿವಾರ ಗಾಣ ನಿಲ್ಲಿಸುತ್ತಿದ್ದರು, ಅದಕ್ಕೇ ಶನಿವಾರ ತೇಲಿ ಅನ್ನುವ ಹೆಸರು. ತೇಲಿ ಅಂದರೆ ಗಾಣಿಗ.

ನಿಮ್ಮ ಐದು ಸುತ್ತುಗಳಲ್ಲಿ ಮೂರನ್ನು ಊಹಿಸಬಲ್ಲೆ.

ಮೊದಲನೆಯದು ಉಬ್ಬಿದ್ದು. ಹಿಟ್ಟಿಗೆ ನೀರು ತಾಗಿದ ಗಳಿಗೆಯಿಂದ 18 ನಿಮಿಷದೊಳಗೆ ಮಾಟ್ಸಾ ಬೆಂದು ಮುಗಿಯಬೇಕು. ಅದಕ್ಕಿಂತ ತಡವಾದರೆ ಹುಳಿ ಬಂತು ಅಂತ ಲೆಕ್ಕ. ಮೈತುಂಬ ಚುಚ್ಚಿ ತೂತು ಮಾಡುವುದೂ ಉಬ್ಬದಿರಲಿ ಅಂತಲೇ. ಉಬ್ಬಿದ ಮಾಟ್ಸಾಗೆ ಹೀಬ್ರೂವಿನಲ್ಲಿ ಬೇರೆ ಹೆಸರೇ ಇದೆ, ನೆಫುಖಾ. ಬೇಯುವಾಗ ಮಡಚಿಕೊಂಡರೆ ಅದು ಕೆಫುಲಾ, ಮಡಿಕೆಯೊಳಗೆ ಸರಿಯಾಗಿ ಬೆಂದಿರಲ್ಲ ಅನ್ನುವ ಅನುಮಾನ. ಎರಡನ್ನೂ ಆರಿಸಿ ತೆಗೆದುಹಾಕುತ್ತಾರೆ. ನೀವು ಒಂದೇ ತಟ್ಟೆಯಲ್ಲಿ ಎರಡನ್ನೂ ಬಡಿಸಿದ್ದೀರಿ! ಮಡಚಿದ್ದು ಬೆಂದ ಮೇಲೆ ಅಂತ ವಾದ ಹೂಡಬಹುದು, ಆದರೆ ಮಾಟ್ಸಾ ಮಡಚುವುದಿಲ್ಲ, ಹಪ್ಪಳದ ಹಾಗೆ ಮುರಿಯುತ್ತದೆ. ಪುಸ್ತಕದ ಕಪ್ಪೆ ಅದರ ಮೇಲೆ ಹಾರಿದರೆ ಬರುವ ಸದ್ದು ಕರಕ್ ಅಂತ, ಪುಸ್ ಅಂತ ಅಲ್ಲ.

ಇನ್ನು ತುಪ್ಪ. ಸೇಡರ್ ತಟ್ಟೆಯಲ್ಲಿ ಕುರಿಯ ಕಾಲುಮೂಳೆ ಇರುತ್ತದೆ, ಊಟದಲ್ಲಿ ಸಾಮಾನ್ಯವಾಗಿ ಮಾಂಸ ಇರುತ್ತದೆ. ಹಾಲಿನ ಪದಾರ್ಥ ಅದರ ಜೊತೆ ಕೂಡದು. ನಮ್ಮ ಮನೆಗಳಲ್ಲಿ ಸಾರಿಗೆ ತೆಂಗಿನಹಾಲು ಬರುವುದು ಹೀಗೆಯೇ.

ನ್ಯೂಜೆರ್ಸಿ ಅಮ್ಮ, ನಿಮ್ಮ ಅತ್ತೆಗೆ ಹೇಳಿ, ಇಡ್ಲಿ ಹಾಮೆಟ್ಸ್ ಅಲ್ಲ. ಗೋಧಿ, ಬಾರ್ಲಿ, ಓಟ್ಸ್‌ನಂಥ ಐದು ಧಾನ್ಯಕ್ಕೆ ಮಾತ್ರ ಆ ಮಾತು. ಆದರೆ ಯುರೋಪಿನ ಅಶ್ಕೆನಾಜಿ ಸಂಪ್ರದಾಯದವರು ಹಬ್ಬದಲ್ಲಿ ಅಕ್ಕಿ, ಬೇಳೆಯನ್ನೂ ಬಿಡುತ್ತಾ ಬಂದಿದ್ದಾರೆ. ನಾವು ಅಕ್ಕಿ ತಿನ್ನುತ್ತೇವೆ. ಹಾಗಾಗಿ ಕುಂಚ ಅವರೇ, ಪುಸ್ತಕದ ಮನೆಯವರು ಯಾವ ಕಡೆಯವರು ಅಂತ ಕೇಳಿಕೊಂಡು ಅನ್ನದ ಪಾತ್ರೆ ಇಡಿ.

ಸುಮ್ನೆ_ಕೇಳ್ದೆ · ಮಂಗಳವಾರ ಮಧ್ಯಾಹ್ನ 1:05

ತಪ್ಪು ತಿಳಿಯಬೇಡಿ, ಸುಮ್ನೆ ಕೇಳ್ತಿದ್ದೇನೆ. ಇದು ಧರ್ಮಗ್ರಂಥದ ಕಥೆ ಅಲ್ವಾ? ಗುಲಾಮಗಿರಿ, ಪಿಡುಗು, ಕೊನೆಗೆ ಚೊಚ್ಚಲು ಮಕ್ಕಳ ಸಾವು. ಅದನ್ನು ಕಪ್ಪೆ ಕುಣಿದಾಟ ಮಾಡಿ ನಾಲ್ಕು ವರ್ಷದವರಿಗೆ ಕೊಟ್ಟರೆ ಹಗುರ ಮಾಡಿದ ಹಾಗಲ್ವಾ? ನಮ್ಮಲ್ಲಿ ಯಾರಾದರೂ ಹೀಗೆ ಮಾಡಿದರೆ ಗಲಾಟೆ ಆಗುತ್ತಿತ್ತು.

ಶನಿವಾರ_ತೇಲಿ · ಮಂಗಳವಾರ ಸಂಜೆ 6:50

ಒಳ್ಳೆಯ ಪ್ರಶ್ನೆ. ಕೆಲಸ ಮುಗಿಸಿ ಚಹಾ ಕುಡಿದು ಉತ್ತರ ಬರೆಯುತ್ತಿದ್ದೇನೆ.

ಮೊದಲು ಕಪ್ಪೆ. ಮೂಲದಲ್ಲೇ ಏನಿದೆ ನೋಡಿ. ಕಪ್ಪೆಗಳು ನಿನ್ನ ಮಲಗುವ ಕೋಣೆಗೆ ಬರುತ್ತವೆ, ಹಾಸಿಗೆಗೆ ಬರುತ್ತವೆ, ಒಲೆಗೆ ಬರುತ್ತವೆ, ಹಿಟ್ಟು ನಾದುವ ಬೋಗುಣಿಗೂ ಬರುತ್ತವೆ ಅಂತ ಫೇರೋಗೆ ಎಚ್ಚರಿಕೆ. ಇದನ್ನು ಗಂಭೀರವಾಗಿ ಓದಿ ನೋಡೋಣ!

ಮುಂದೆ ಇನ್ನೂ ಸ್ವಾರಸ್ಯ ಇದೆ. ಹೀಬ್ರೂವಿನ ಆ ಸಾಲಿನಲ್ಲಿ "ಕಪ್ಪೆ ಏರಿ ಬಂತು" ಅಂತ ಏಕವಚನ. ಕಪ್ಪೆಗಳು ಅಲ್ಲ, ಕಪ್ಪೆ. ಎರಡನೇ ಶತಮಾನದ ರಬ್ಬಿ, ಅಂದರೆ ಧರ್ಮಗುರು, ಅಕಿವಾ ಇದನ್ನು ಹಿಡಿದುಕೊಂಡರು. ಇದ್ದದ್ದು ಒಂದೇ ಕಪ್ಪೆ, ಅದೇ ಇಡೀ ಈಜಿಪ್ಟನ್ನು ತುಂಬಿತು ಅಂದರು. ಪಕ್ಕದಲ್ಲಿದ್ದ ರಬ್ಬಿ ಎಲಾಜಾರ್ ಬೆನ್ ಅಜರ್ಯಾ ರೇಗಿದರು. ಅಕಿವಾ, ಈ ಕಥೆಗಳ ಉಸಾಬರಿ ನಿನಗೇಕೆ, ನೀನು ಶಾಸ್ತ್ರದ ಕಷ್ಟದ ಭಾಗಗಳನ್ನು ನೋಡಿಕೋ ಅಂತ ಬೈದರು. ಬೈದು ಸುಮ್ಮನಾದರಾ? ಇಲ್ಲ. ತಮ್ಮದೊಂದು ಹೇಳಿದರು: ಬಂದದ್ದು ಒಂದೇ ಕಪ್ಪೆ ನಿಜ, ಅದು ಶಿಳ್ಳೆ ಹೊಡೆದು ಉಳಿದವನ್ನು ಕರೆಯಿತು! ಇದು ರಬ್ಬಿಗಳ ಚರ್ಚೆಗಳನ್ನು ಕೂಡಿಸಿದ ಹಳೆಯ ಗ್ರಂಥ ತಾಲ್ಮೂದ್‌ನಲ್ಲಿ ಇರುವ ವಾದ. ರಾಶಿ ಅನ್ನುವ ಹನ್ನೊಂದನೇ ಶತಮಾನದ ವ್ಯಾಖ್ಯಾನಕಾರರು ಕೊಡುವುದು ಇನ್ನೊಂದು ರೂಪ. ಒಂದೇ ಕಪ್ಪೆ ಇತ್ತು, ಜನ ಅದನ್ನು ಹೊಡೆದ ಹಾಗೆಲ್ಲ ಅದರಿಂದ ಹಿಂಡು ಹಿಂಡಾಗಿ ಕಪ್ಪೆ ಉದುರಿದವು.

ಅದೇ ಅಕಿವಾ ಬಗ್ಗೆ ತಾಲ್ಮೂದ್‌ನಲ್ಲಿ ಬೇರೆ ಕಡೆ ಇನ್ನೊಂದು ಮಾತಿದೆ. ಪೆಸಾಹ್ ರಾತ್ರಿ ಮಕ್ಕಳು ನಿದ್ದೆ ಹೋಗದೆ ಪ್ರಶ್ನೆ ಕೇಳುತ್ತಿರಲಿ ಅಂತ ಅವರು ಹುರಿಗಾಳು, ಬೀಜ ಹಂಚುತ್ತಿದ್ದರಂತೆ. ಸೇಡರ್‌ನ ಅರ್ಧ ಏರ್ಪಾಡು ಮಕ್ಕಳನ್ನು ಎಚ್ಚರ ಇಡುವುದಕ್ಕೇ. ಚಿಕ್ಕ ಮಗು ನಾಲ್ಕು ಪ್ರಶ್ನೆ ಹಾಡಬೇಕು. ಮುರಿದ ಮಾಟ್ಸಾದ ಒಂದು ತುಂಡು ಬಚ್ಚಿಡುತ್ತಾರೆ, ಹುಡುಕಿದ ಮಗುವಿಗೆ ಬಹುಮಾನ. ಆ ತುಂಡು ಸಿಗದೆ ಊಟ ಮುಗಿಸುವಂತಿಲ್ಲ, ಹಾಗಾಗಿ ಮಕ್ಕಳು ಚೌಕಾಸಿ ಮಾಡುತ್ತಾರೆ. ನಾನು ಒಂದು ಸಲ ಅಜ್ಜನ ಕೈಯಿಂದ ಗಡಿಯಾರ ಕಸಿದಿದ್ದೆ. ಬೆಳಿಗ್ಗೆ ಅಜ್ಜಿ ವಾಪಸ್ ಕೊಡಿಸಿದಳು ಅನ್ನುವುದು ಬೇರೆ ಮಾತು.

ಸಾವಿನ ವಿಷಯ. ಅದನ್ನು ಮುಚ್ಚಿಡುವುದಿಲ್ಲ. ಹತ್ತು ಪಿಡುಗುಗಳ ಹೆಸರು ಹೇಳುವಾಗ ಒಂದೊಂದಕ್ಕೂ ಬಟ್ಟಲಿನಿಂದ ಒಂದೊಂದು ಹನಿ ದ್ರಾಕ್ಷಾರಸ ತೆಗೆದು ತಟ್ಟೆಗೆ ಬಿಡುತ್ತೇವೆ. ಈಜಿಪ್ಟಿನವರು ನೊಂದರಲ್ಲ, ಅಷ್ಟು ಹನಿ ನಮ್ಮ ಸಂತೋಷವೂ ಕಡಿಮೆಯಾಗಲಿ ಅಂತ ಮನೆಯಲ್ಲಿ ಹೇಳಿಕೊಟ್ಟಿದ್ದರು. ಮಕ್ಕಳಿಗೆ ಬೆರಳು ಅದ್ದುವುದೇ ಆಟ. ಆಟ ಆಡುತ್ತಲೇ ಮಗು ಒಂದು ವರ್ಷ "ಯಾಕೆ ಹನಿ ತೆಗೀತೀವಿ?" ಅಂತ ಕೇಳುತ್ತದೆ. ಆವಾಗ ಹೇಳಿದರಾಯಿತು. ಕಪ್ಪೆ ಪುಸ್ತಕ ಆ ವರ್ಷಕ್ಕಿಂತ ಮುಂಚಿನ ಮಕ್ಕಳಿಗೆ.

ಪ್ರಾಸಪ್ರಿಯ_ಮೇಷ್ಟ್ರು · ಮಂಗಳವಾರ ರಾತ್ರಿ 9:30

ಶಿಳ್ಳೆ ಹೊಡೆಯುವ ಕಪ್ಪೆಗೆ ನನ್ನ ನಮಸ್ಕಾರ.

ನಾನು ನಿವೃತ್ತ ಕನ್ನಡ ಮೇಷ್ಟ್ರು. ಕುಂಚ ಅವರೇ, ಅನುವಾದದ ಆಸೆ ಬಿಡಿ. ಇಂಗ್ಲಿಷಿನಲ್ಲಿ ಕಪ್ಪೆಗೆ ನಾಯಿ, ಮರದ ದಿಮ್ಮಿ ಪ್ರಾಸವಾಗಿ ಬರುತ್ತವೆ, ಹಾಗಾಗಿ ಅಲ್ಲಿನ ಕಪ್ಪೆ ದಿಮ್ಮಿ ಹತ್ತುತ್ತದೆ. ಕನ್ನಡದ ಕಪ್ಪೆಯ ನೆಂಟರೇ ಬೇರೆ: ತಿಪ್ಪೆ, ಸಿಪ್ಪೆ, ಸಪ್ಪೆ. ಹಳಗನ್ನಡದವರಿಗೆ ಸಾಲಿನ ಎರಡನೇ ಅಕ್ಷರದ ಪ್ರಾಸ ಬೇಕಿತ್ತು. ಮಗುವಿಗೆ ಬೇಕಾದದ್ದು ಸಾಲಿನ ಕೊನೆಯ ಪ್ರಾಸ. ಬರುತ್ತೆ ಬರುತ್ತೆ ಅಂತ ಕಾದು, ಬಂದ ಕೂಡಲೇ ಜೊತೆಗೆ ಕೂಗಬೇಕಲ್ಲ!

ಮೂಲ ಪದ್ಯ ನನಗೆ ಗೊತ್ತಿಲ್ಲ, ಒಳ್ಳೆಯದೇ ಆಯಿತು. ತೇಲಿಯವರು ಹೇಳಿದ ಬೋಗುಣಿ ಹಿಡಿದುಕೊಂಡು ನನ್ನದೇ ಒಂದು ಕಟ್ಟಿದ್ದೇನೆ:

ಫೇರೋ ಮನೆಯ ಬೋಗುಣಿಯೊಳಗೆ
ಕೂತಿತ್ತೊಂದು ಕಪ್ಪೆ.
ನಾದಿ ನಾದಿ ನೆಕ್ಕಿದ ಭಟ್ಟ
ಅಂದ, "ಯಾಕೋ ಸಪ್ಪೆ!"

ಚಿಟಿಕೆ ಉಪ್ಪು ಉದುರಿಸಿ ನಿಂತ,
ಕಪ್ಪೆ ಅಂತು, "ಆಕ್ಷಿ!"
ಹಿಟ್ಟು ಹಾರಿ ಎಲ್ಲಿಗೆ ಹೋಯ್ತು?
ಭಟ್ಟನ ಮೀಸೆ ಸಾಕ್ಷಿ!

ಶನಿವಾರ_ತೇಲಿ

ಅದ್ಭುತ. ಒಂದೇ ತಕರಾರು: ಸೇಡರ್ ಮಾಟ್ಸಾಗೆ ಹಿಟ್ಟು, ನೀರು ಅಷ್ಟೇ. ಉಪ್ಪು ಹಾಕಲ್ಲ.

ಪ್ರಾಸಪ್ರಿಯ_ಮೇಷ್ಟ್ರು

ಸ್ವಾಮಿ, ಅದು ಫೇರೋನ ಅಡುಗೆಮನೆ. ಅವನು ಮಾಟ್ಸಾ ಯಾಕೆ ತಿನ್ನುತ್ತಾನೆ?

ಶನಿವಾರ_ತೇಲಿ

ಒಪ್ಪಿದೆ. ತಕರಾರು ವಾಪಸ್.

ಕುಂಚ_ಜಯನಗರ · ಬುಧವಾರ ಬೆಳಿಗ್ಗೆ 8:20

ಮೇಷ್ಟ್ರೇ, ನಿನ್ನೆ ರಾತ್ರಿ ಓದಿದೆ. "ಆಕ್ಷಿ" ಬಂದಾಗ ಮಗಳು ಹಾಸಿಗೆಯಿಂದ ಕೆಳಗೆ ಉರುಳಿದಳು. ಹನ್ನೊಂದು ಸಲ ಓದಿಸಿದಳು. ಆರನೇ ಸಲಕ್ಕೆ "ಭಟ್ಟನಿಗೆ ಕಪ್ಪೆ ಕಾಣಲ್ವಾ?" ಅಂತ ಕೇಳಿದಳು.

ಚಿತ್ರ ಬರೆಯುವವರ ಕೆಲಸ ಇಲ್ಲೇ ಇರುವುದು. ಕಪ್ಪೆ ಎಲ್ಲಿದೆ ಅಂತ ಮಗುವಿಗೆ ಗೊತ್ತು, ಭಟ್ಟನಿಗೆ ಗೊತ್ತಿಲ್ಲ. ಪದ್ಯ ಬೋಗುಣಿ ಅಂದರೆ ಸಾಕು, ನಾನು ಹಿಟ್ಟಿನ ಮೇಲೆ ಎರಡು ಕಣ್ಣು ಮಾತ್ರ ಬರೆಯುತ್ತೇನೆ. "ಆಕ್ಷಿ" ಅದೇ ಪುಟದಲ್ಲಿ ಇರಬಾರದು. ಪುಟ ತಿರುವಿದ ಮೇಲೆ ಬರಬೇಕು. 32 ಪುಟದಲ್ಲಿ ಶೀರ್ಷಿಕೆ, ಹಕ್ಕುಸ್ವಾಮ್ಯ ಎಲ್ಲ ಕಳೆದರೆ ಹದಿಮೂರೋ ಹದಿನಾಲ್ಕೋ ಜೋಡಿಪುಟ ಉಳಿಯುತ್ತವೆ. ನಗು ಬರುವ ತಿರುವುಗಳೂ ಅಷ್ಟೇ. ಹಾಗಾಗಿ ನನ್ನ ಕಪ್ಪೆ ಯಾವಾಗಲೂ ಬಲಕ್ಕೆ ಹಾರುತ್ತದೆ, ಪುಟ ತಿರುಗುವ ಕಡೆಗೆ.

ಇದರಲ್ಲೂ ಒಂದು ತಮಾಷೆ. ಮುಂದೆ ಹೀಬ್ರೂ ಆವೃತ್ತಿ ಬಂದರೂ ಬರಬಹುದು ಅಂತ ಕಪ್ಪೆ, ಹಿನ್ನೆಲೆ, ಅಕ್ಷರ ಎಲ್ಲ ಬೇರೆ ಬೇರೆ ಪದರದಲ್ಲಿ ಇಡಲು ಹೇಳಿದ್ದಾರೆ. ಹೀಬ್ರೂ ಪುಸ್ತಕ ಬಲದಿಂದ ಎಡಕ್ಕೆ. ಆಗ ಕಪ್ಪೆ ಎಡಕ್ಕೆ ಹಾರಬೇಕು. ಕನ್ನಡಿ ಹಿಡಿದು ತಿರುಗಿಸಿದರೆ ಎಲ್ಲರೂ ಎಡಗೈಯಲ್ಲಿ ಊಟ ಮಾಡುತ್ತಾರೆ. ನನಗಂತೂ ಅದನ್ನು ನೋಡಲು ಆಗಲ್ಲ.

ತೇಲಿಯವರೇ, ಇನ್ನೊಂದು ಪ್ರಶ್ನೆ. ಮೊದಲ ಪುಟದಲ್ಲಿ ಬಾಗಿಲು ತೆರೆದಿದೆ, ಕಪ್ಪೆ ಅಲ್ಲಿಂದ ಬರುತ್ತಿದೆ. ಅದಕ್ಕೂ ಕೆಂಪು ಸುತ್ತು. ಬಾಗಿಲು ಏನು ತಪ್ಪು ಮಾಡಿತು?

ಶನಿವಾರ_ತೇಲಿ · ಬುಧವಾರ ಮಧ್ಯಾಹ್ನ 2:10

ಬಾಗಿಲು ಎಲಿಯಾಹು ಪ್ರವಾದಿಗೆ. ಅವರಿಗಾಗಿ ಒಂದು ಬಟ್ಟಲು ತುಂಬಿಟ್ಟು ಬಾಗಿಲು ತೆರೆಯುತ್ತಾರೆ, ಆದರೆ ಅದು ಊಟ ಆದಮೇಲೆ. ನೀವು ಆಟ ಶುರುವಾಗುವ ಮೊದಲೇ ಕೊನೆಯ ಓವರ್ ಹಾಕಿಸಿದ್ದೀರಿ. ಕಪ್ಪೆಯನ್ನು ಕಿಟಕಿಯಿಂದ ತನ್ನಿ, ಬಾಗಿಲನ್ನು ಕೊನೆಗೆ ಉಳಿಸಿ. ಎಲಿಯಾಹು ನಮ್ಮವರಿಗೆ ಬಹಳ ಹತ್ತಿರ. ಮನೆಯಲ್ಲಿ ಒಳ್ಳೆಯದಾದರೆ ಅವರ ಹೆಸರಿನಲ್ಲಿ ಮಲಿದಾ ಮಾಡುತ್ತೇವೆ, ಅವಲಕ್ಕಿ, ತೆಂಗಿನತುರಿ, ಸಕ್ಕರೆ, ಜೊತೆಗೆ ಹಣ್ಣು. ಹುಬ್ಬಳ್ಳಿಯ ಅಕ್ಕಪಕ್ಕದವರು ಅದನ್ನು ಪ್ರಸಾದ ಅಂತಲೇ ಕಣ್ಣಿಗೆ ಒತ್ತಿಕೊಂಡು ತಿನ್ನುತ್ತಿದ್ದರು.

ಹಾಂ, ಫುಲ್ಕ ಬರೆದೆ ಅಂತ ಜಾಸ್ತಿ ನಾಚಿಕೊಳ್ಳಬೇಡಿ. ಸೇಡರ್‌ನಲ್ಲಿ ಓದುವ ಪುಸ್ತಕಕ್ಕೆ ಹಗ್ಗಾದಾ ಅನ್ನುತ್ತಾರೆ. 1874ರಲ್ಲಿ ಪುಣೆಯಲ್ಲಿ ಮರಾಠಿ ಅನುವಾದದ ಜೊತೆ ಒಂದು ಹಗ್ಗಾದಾ ಅಚ್ಚಾಯಿತು. ಅದರಲ್ಲಿ ಸೀರೆ ಉಟ್ಟ ಹೆಂಗಸರು ನೆಲದ ಮೇಲೆ ಕೂತು ಮಾಟ್ಸಾ ಮಾಡುವ ಚಿತ್ರ ಇದೆ. ಎಲ್ಲರೂ ತಮ್ಮ ತಮ್ಮ ಅಡುಗೆಮನೆಯನ್ನೇ ಬರೆಯುವುದು. ಅವರದು ಉಬ್ಬಿರಲಿಲ್ಲ, ಅಷ್ಟೇ.

ಹಳೇ_ನಾಣ್ಯ · ಬುಧವಾರ ಸಂಜೆ 5:45

ಹಗ್ಗಾದಾ ಚಿತ್ರಗಳ ಮಾತು ಬಂದದ್ದಕ್ಕೆ ನುಗ್ಗುತ್ತಿದ್ದೇನೆ. 1300ರ ಸುಮಾರಿಗೆ ದಕ್ಷಿಣ ಜರ್ಮನಿಯಲ್ಲಿ ಬರೆದ ಒಂದು ಹಸ್ತಪ್ರತಿ ಈಗ ಜೆರುಸಲೇಮಿನ ಇಸ್ರೇಲ್ ಮ್ಯೂಸಿಯಂನಲ್ಲಿದೆ. ಅದರಲ್ಲಿ ಯಹೂದಿಗಳಿಗೆಲ್ಲ ಹಕ್ಕಿಯ ತಲೆ, ಚೂಪು ಕೊಕ್ಕು! ಯಾಕೆ ಅಂತ ವಿದ್ವಾಂಸರು ಇನ್ನೂ ಕಿತ್ತಾಡುತ್ತಿದ್ದಾರೆ. ಕೊಕ್ಕು ಇಟ್ಟುಕೊಂಡು ಗಂಭೀರವಾಗಿ ಮಾಟ್ಸಾ ಮಾಡುವುದನ್ನು ನೋಡಿದರೆ ಮಕ್ಕಳು ಆಗಲೂ ನಕ್ಕಿರಬೇಕು ಅಂತ ನನ್ನ ಅನುಮಾನ.

ಸುಮ್ನೆ_ಕೇಳ್ದೆ · ಬುಧವಾರ ರಾತ್ರಿ 8:00

ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿತು, ಧನ್ಯವಾದ. ಪೂರ್ತಿ ಒಪ್ಪಿದೆ ಅಂತ ಅಲ್ಲ. ಆದರೆ ರಬ್ಬಿಗಳೇ ಕಪ್ಪೆಗೆ ಶಿಳ್ಳೆ ಹೊಡೆಸಿದ ಮೇಲೆ ನಾನ್ಯಾರು ತಡೆಯಲು.

ಹಾಡಿನ ರೂಪದಲ್ಲೂ ಇಂಥದ್ದು ಇದೆಯಾ? ಅಥವಾ ಈಚಿನ ಅಮೆರಿಕದ ಪುಸ್ತಕಗಳಲ್ಲಿ ಮಾತ್ರವಾ?

ಶನಿವಾರ_ತೇಲಿ

ಇದೆ. ಸೇಡರ್‌ನ ಕೊಟ್ಟ ಕೊನೆಗೆ ಹಾಡುವ ಹದ್ ಗದ್ಯಾ, "ಒಂದು ಮೇಕೆಮರಿ" ಅಂತ. ಭಾಷೆ ಅರಾಮಿಕ್. ಅಚ್ಚಾದದ್ದು 1590ರ ಪ್ರಾಗ್ ಹಗ್ಗಾದಾದಲ್ಲಿ. ಅಪ್ಪ ಎರಡು ಜೂಜ್ ಕಾಸು ಕೊಟ್ಟು ಮರಿ ತಂದ. ಮರಿಯನ್ನು ಬೆಕ್ಕು ತಿಂತು, ಬೆಕ್ಕನ್ನು ನಾಯಿ ಕಚ್ಚಿತು, ನಾಯಿಗೆ ಕೋಲು ಬಡಿಯಿತು, ಕೋಲನ್ನು ಬೆಂಕಿ ಸುಟ್ಟಿತು, ಬೆಂಕಿಯನ್ನು ನೀರು ಆರಿಸಿತು, ನೀರನ್ನು ಎತ್ತು ಕುಡಿಯಿತು, ಎತ್ತನ್ನು ಕಟುಕ ಕಡಿದ, ಕಟುಕನನ್ನು ಸಾವಿನ ದೂತ ಒಯ್ದ, ಕೊನೆಗೆ ದೇವರು ಆ ದೂತನನ್ನೇ ಮುಗಿಸಿದ. ಪ್ರತಿ ಸಲ ಮೊದಲಿನಿಂದ, ಜಾಸ್ತಿ ಜಾಸ್ತಿ ವೇಗವಾಗಿ. ಇಷ್ಟು ಕೊಲೆ ಇರುವ ಹಾಡನ್ನು ಐದು ವರ್ಷದವರು ಮೇಜು ಕುಟ್ಟಿಕೊಂಡು ಹಾಡುತ್ತಾರೆ.

ಪ್ರಾಸಪ್ರಿಯ_ಮೇಷ್ಟ್ರು

ಮರದ ಸಂದಿಯಲ್ಲಿ ಕಾಳು ಸಿಕ್ಕಿಹಾಕಿಕೊಂಡ ಗುಬ್ಬಿ ಬಡಗಿಯ ಹತ್ತಿರ ಹೋಗಿ, ರಾಜನ ಹತ್ತಿರ ಹೋಗಿ, ಕೊನೆಗೆ ಇರುವೆ ಬಂದು ಎಲ್ಲ ತಿರುಗಿ ಬಿಚ್ಚಿಕೊಳ್ಳುವ ಕಥೆ ನಮ್ಮಲ್ಲಿ ಇದೆಯಲ್ಲ, ಅದೇ ಸರಪಳಿ. ನಮ್ಮ ಗುಬ್ಬಿಗೆ ಕೊನೆಗೆ ಕಾಳು ಸಿಗುತ್ತದೆ. ಆ ಮರಿ ಪಾಪ, ವಾಪಸ್ ಬರುವುದೇ ಇಲ್ಲ.

ನ್ಯೂಜೆರ್ಸಿ_ಅಮ್ಮ · ಬುಧವಾರ ರಾತ್ರಿ 11:40

ಮಗನಿಗೆ ಈಗ ಒಂಬತ್ತು. ಕನ್ನಡ ಮಾತಾಡು ಅಂದರೆ ಮುಖ ಸಿಂಡರಿಸುತ್ತಾನೆ. ಭಾನುವಾರದ ಕನ್ನಡ ಶಾಲೆಗೆ ಎಳೆದುಕೊಂಡು ಹೋಗಬೇಕು. ಇವತ್ತು ಬೆಳಿಗ್ಗೆ ಕಾರಿನಲ್ಲಿ ಮೇಷ್ಟ್ರ ಪದ್ಯ ಓದಿದೆ. ಸಂಜೆ ಅವನೇ ಕೇಳಿದ, "ಅಮ್ಮಾ, ಸಾಕ್ಷಿ ಅಂದ್ರೆ ಏನು?" ಹೇಳಿದೆ. ರಾತ್ರಿ ಊಟಕ್ಕೆ ಅವನ ತಂಗಿಯ ಬಾಯಿ ಸುತ್ತ ಚಾಕ್ಲೆಟ್ ಇತ್ತು. ಬೆರಳು ತೋರಿಸಿ "ಮೀಸೆ ಸಾಕ್ಷಿ!" ಅಂದ. ಡಬ್ಬ ಖಾಲಿಯಾದದ್ದು ಗೊತ್ತಾಗಿದ್ದು ಹಾಗೆ.

ಕುಂಚ_ಜಯನಗರ · ಗುರುವಾರ ರಾತ್ರಿ 10:15

ಫೋನ್ ಆಯಿತು. ನಾನೇ ಮುಂಚಿತವಾಗಿ "ನೆಫುಖಾ, ಕೆಫುಲಾ ಎರಡೂ ತೆಗೆದಿದ್ದೇನೆ" ಅಂದೆ. ಆ ಕಡೆ ಎರಡು ಸೆಕೆಂಡ್ ಮೌನ. ಆಮೇಲೆ ಜೋರು ನಗು. ತೇಲಿಯವರೇ, ನಿಮಗೊಂದು ಮಸಾಲೆ ದೋಸೆ ಬಾಕಿ ಇದೆ. ಮಾಟ್ಸಾ ಈಗ ಚೌಕ, ತೂತು ತೂತು, ಕಪ್ಪೆಯ ಕಾಲ ಕೆಳಗೆ ಕರಕ್ ಅಂತ ಮುರಿದಿದೆ. ಬಾಗಿಲು ಮುಚ್ಚಿದೆ. ತುಪ್ಪ ಅಡುಗೆಮನೆ ಬಿಟ್ಟೇ ಹೋಗಿದೆ. ಮನೆಯವರು ಅಶ್ಕೆನಾಜಿ ಕಡೆಯವರಂತೆ, ಹಾಗಾಗಿ ಅನ್ನದ ಪಾತ್ರೆಯೂ ಇಲ್ಲ.

ಮಗಳಿಗಾಗಿ ಮೇಷ್ಟ್ರ ಪದ್ಯಕ್ಕೆ ಬೇರೆಯಾಗಿ ಎರಡು ಹಾಳೆ ಚಿತ್ರ ಬರೆಯಲು ಕೂತಿದ್ದೇನೆ. ಈಗ ಹೊಸ ತಲೆನೋವು. ಹಳೇ ನಾಣ್ಯ ಅವರೇ, ಈಜಿಪ್ಟಿನ ಚಿತ್ರಗಳಲ್ಲಿ ನುಣ್ಣಗೆ ಬೋಳಿಸಿದ ಮುಖ, ಇಲ್ಲವೇ ಗಲ್ಲಕ್ಕೆ ಕಟ್ಟಿದ ಗಡ್ಡ. ಭಟ್ಟನಿಗೆ ಮೀಸೆ ಬರೆಯಬಹುದಾ?

ಹಳೇ_ನಾಣ್ಯ

ಬರೆಯಬಹುದು. ಕೈರೋ ಮ್ಯೂಸಿಯಂನಲ್ಲಿ ರಾಹೊತೆಪ್ ಅನ್ನುವ ರಾಜಕುಮಾರನ ಕಲ್ಲಿನ ಪ್ರತಿಮೆ ಇದೆ, ಪಕ್ಕದಲ್ಲಿ ಹೆಂಡತಿ ನೊಫ್ರೆತ್. ನಾಲ್ಕನೇ ರಾಜವಂಶದ ಕಾಲದ್ದು. ಅವನಿಗೆ ಚೊಕ್ಕಟವಾದ ತೆಳು ಮೀಸೆ ಇದೆ.

ಪ್ರಾಸಪ್ರಿಯ_ಮೇಷ್ಟ್ರು

ತೆಳು ಮೀಸೆ ಸಾಲದು. ಹಿಟ್ಟು ನಿಲ್ಲಬೇಕು.